ದೇವರಾಯನದುರ್ಗದಲ್ಲಿ ಮೇಲೆ ಹೋದಷ್ಟೂ ಮಣ್ಣು ಹುಳಿ, ಗಿಡಗಳೂ ಬೇರೆ: ಗುಂಡಿಗೆ ಸುಣ್ಣ ಹಾಕಬೇಕೇ?

ಜಯಮಂಗಲಿ ದಂಡೆ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ವರ್ಷ ಮಕ್ಕಳ ಜೊತೆ ಸೇರಿ ದೇವರಾಯನದುರ್ಗದ ಸುತ್ತ ಮಣ್ಣಿನ ರಸಸಾರ (pH) ನೋಡುವ ಕೆಲಸ ಹಿಡಿದಿದ್ದೇವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಬುಡದ ಕುರುಚಲಿನಿಂದ ಹಿಡಿದು ಮೇಲಿನ ಹಳ್ಳದ ದಟ್ಟ ಮರಗಳ ತನಕ ಅಲ್ಲಲ್ಲಿ ಮಣ್ಣು ತೆಗೆದೆವು. ಹೊಲಗಳ ಅಂಚಿನಲ್ಲಿ ರಸಸಾರ 7ರ ಆಸುಪಾಸು, ಅಂದರೆ ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಸಪ್ಪೆ ಮಣ್ಣು. ಮೇಲೆ ಹೋದಷ್ಟೂ ಅಂಕಿ ಇಳಿಯುತ್ತಾ, ಹುಳಿ ಏರುತ್ತಾ ಹೋಗುತ್ತದೆ.

ನನ್ನನ್ನು ಕಾಡುತ್ತಿರುವುದು ಗಿಡಗಳ ಲೆಕ್ಕ. ಮಣ್ಣು ಹುಳಿಯಾದಷ್ಟೂ ಸಸ್ಯಜಾತಿಗಳು ಕಡಿಮೆ ಎಂದು ಓದಿದ್ದೆ. ಇಲ್ಲಿ ಅದಕ್ಕೆ ತಿರುಗುಮುರುಗು. ಬುಡದಲ್ಲಿ ಕಾರೆ, ಎಲಚಿ, ತಂಗಡಿ, ಬಂದರೆ, ಇವುಗಳ ನಡುವೆ ನುಗ್ಗಿದ ಲಂಟಾನ. ಮೇಲೆ ಹಳ್ಳದ ಗುಂಟ ನಮಗೆ ಹೆಸರೇ ಗೊತ್ತಿಲ್ಲದ ಮರ, ಬಳ್ಳಿ, ಜರೀಗಿಡ. ಹುಳಿ ಹೆಚ್ಚಿದ್ದ ಕಡೆಯೇ ಜಾತಿಗಳು ಹೆಚ್ಚು.

ಇದು ಬರೀ ಪಾಠದ ಕುತೂಹಲವಾಗಿದ್ದರೆ ನಿಧಾನವಾಗಿ ಕೇಳುತ್ತಿದ್ದೆ. ನಮ್ಮ ಕಡೆಯ ಸಸಿ ನೆಡುವ ತಂಡದವರು ಮುಂಗಾರಿಗೆ ಇಳಿಜಾರಿನಲ್ಲಿ ಗುಂಡಿ ತೆಗೆದು, ಒಂದೊಂದಕ್ಕೂ ಸುಣ್ಣ ಬೆರೆಸುವ ಯೋಚನೆಯಲ್ಲಿದ್ದಾರೆ. ಹುಳಿ ಹೋದರೆ ಎಲ್ಲಾ ಜಾತಿಯೂ ಏಳುತ್ತದೆ ಎಂಬ ನಂಬಿಕೆ. ನಮ್ಮ ಮಕ್ಕಳ ಅಳತೆಯನ್ನೇ ಅದಕ್ಕೆ ಆಧಾರ ಮಾಡಿಕೊಂಡಿದ್ದಾರೆ, ಅದಕ್ಕೇ ಭಯ. ತಿಳಿದವರು ದಯವಿಟ್ಟು ಹೇಳಿ.

ಬುಕ್ಕಾಪಟ್ಟಣದವನು

ಮೇಡಂ, ಮೊದ್ಲು ಸುಣ್ಣದ ಚೀಲ ಬೆಟ್ಟ ಹತ್ತದ ಹಂಗೆ ನೋಡ್ಕಳಿ. ನಮ್ಮ ಕಡೆ ಕಾಡಲ್ಲಿ ಕಮರ, ದಿಂಡಿಗ ಗರಸು ನೆಲದಾಗೆ, ಬಂಡೆ ಸಂದೀಲಿ ಬೇರು ಬಿಟ್ಟು ನಿಂತವೆ. ಅವಕ್ಕೆ ಬೇಕಾದ್ದು ಆ ನೆಲದಲ್ಲೇ ಐತೆ. ಮಣ್ಣು ಓದಿದೋರು ಇಲ್ಲಿ ಇದಾರೆ, ಅವರು ವಿವರ ಬರೀಲಿ.

ಚಿಂತಾಮಣಿ ಮಣ್ಣು

ಮೇಡಂ, ನಿಮ್ಮದರಲ್ಲಿ ಎರಡು ಪ್ರಶ್ನೆ ಇವೆ, ಬಿಡಿಸಿ ನೋಡೋಣ.

ಮೇಲೆ ಹೋದಷ್ಟೂ ಹುಳಿ ಏಕೆ? ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ. ಅವು ಬಿಟ್ಟ ಜಾಗದಲ್ಲಿ ಹೈಡ್ರೋಜನ್, ಅಲ್ಯೂಮಿನಿಯಂ ಬಂದು ಕೂರುತ್ತವೆ. ಎತ್ತರದಲ್ಲಿ ತಂಪು, ಮಂಜು, ನೆರಳು. ಎಲೆಕಸ ನಿಧಾನವಾಗಿ ಕೊಳೆತು ಆಮ್ಲ ಬಿಡುತ್ತದೆ. ತೊಳೆದು ಬಂದ ಕ್ಯಾಲ್ಸಿಯಂ ತಗ್ಗಿಗೆ ಇಳಿಯುತ್ತದೆ. ಮಲೆನಾಡಾದರೆ ಅದು ಹೊಳೆ ಸೇರಿ ಹೋಗಿಬಿಡುತ್ತಿತ್ತು. ನಮ್ಮ ಸೀಮೆಯಲ್ಲಿ ಅಷ್ಟು ನೀರೆಲ್ಲಿದೆ? ಹಾಗಾಗಿ ತಗ್ಗಿನ ಹೊಲದಲ್ಲೇ ನಿಂತು ಸುಣ್ಣದ ಹರಳು ಕಟ್ಟುತ್ತದೆ, ಕೆಲವು ಕಡೆ ಚೌಳು ಏಳುತ್ತದೆ. ಶಿರಾ, ಪಾವಗಡದ ರೈತರಿಗೆ ಇದು ದಿನಾ ಕಾಣುವ ಸಂಗತಿ. ಒಂದೇ ಬೆಟ್ಟದ ನೆತ್ತಿ ಹುಳಿ, ಬುಡ ಸಪ್ಪೆ, ಅದರಾಚೆಯ ತಗ್ಗು ಚೌಳು ಆಗಿರುವುದು ಸಹಜ.

ಹುಳಿ ಗಿಡಕ್ಕೆ ಏನು ಮಾಡುತ್ತದೆ ಅನ್ನುವುದು ಎರಡನೆಯದು. ರಸಸಾರ ಒಂದಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 6.5ರಿಂದ 5.5ಕ್ಕೆ ಬರುವುದೆಂದರೆ ಸಣ್ಣ ಬದಲಾವಣೆಯಲ್ಲ. ಆದರೂ ಗಿಡಗಳಿಗೆ ನಿಜವಾದ ಏಟು ಬೀಳುವುದು 5.5ರಿಂದ ಕೆಳಗೆ. ಅಲ್ಲಿ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ, 5ರಿಂದ ಕೆಳಗೆ ಜೋರಾಗುತ್ತದೆ. ಬೇರಿನ ತುದಿ ಬೆಳೆಯದೆ ಮೊಂಡಾಗುತ್ತದೆ. ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅತ್ತ ರಸಸಾರ 7.5 ದಾಟಿದರೆ ಅದೇ ರಂಜಕ ಕ್ಯಾಲ್ಸಿಯಂ ಪಾಲಾಗುತ್ತದೆ, ಕಬ್ಬಿಣ, ಸತು ಬೇರಿಗೆ ದಕ್ಕುವುದಿಲ್ಲ. ತೊಂದರೆ ಎರಡು ತುದಿಯಲ್ಲೂ ಇದೆ, ಬಗೆ ಬೇರೆ ಅಷ್ಟೇ.

ನಿಮ್ಮ ಮಾದರಿಗಳಲ್ಲಿ 5.5ಕ್ಕಿಂತ ಕೆಳಗಿನವು ಎಷ್ಟು? ಯಾವ ನೀರಿನಲ್ಲಿ ಕಲಸಿದಿರಿ?

ಜಯಮಂಗಲಿ ದಂಡೆ

5.5ಕ್ಕಿಂತ ಕೆಳಗೆ ಒಂದೂ ಇಲ್ಲ ಸರ್. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು.

ಚಿಂತಾಮಣಿ ಮಣ್ಣು

ಬಹಳ ಸರಿ. ಬೋರ್‌ವೆಲ್ ನೀರಿನಲ್ಲಿ ಕಲಸಿದ್ದರೆ ಅದರಲ್ಲಿರುವ ಬೈಕಾರ್ಬೊನೇಟು ಹುಳಿಯನ್ನು ತಗ್ಗಿಸಿಬಿಡುತ್ತದೆ, ಮೀಟರಿನ ಅಂಕಿ ಮೇಲೆ ಬರುತ್ತದೆ. ಈ ಅಂಕಿ ನಂಬುವಂಥದ್ದು. ಹಾಗಾದರೆ ಅಲ್ಲಿ ಅಲ್ಯೂಮಿನಿಯಂ ವಿಷದ ಮಾತೇ ಬರುವುದಿಲ್ಲ. ಇಲ್ಲದ ರೋಗಕ್ಕೆ ಸುಣ್ಣ ಔಷಧವಾಗಲಾರದು.

ಮಾಲೂರು ತೋಟ

ಸರ್, ನಂದೊಂದು ಅನುಮಾನ. ನಮ್ಮ ತೋಟದ ಮಣ್ಣು ಪರೀಕ್ಷೆಲಿ ಹುಳಿ ಜಾಸ್ತಿ ಅಂತ ಬಂತು, ಸುಣ್ಣ ಹಾಕಿ ಅಂದ್ರು, ಹಾಕಿದೆ. ಬೀನ್ಸ್ ಚೆನ್ನಾಗಿ ಬಂತು. ಹೊಲಕ್ಕೆ ಒಳ್ಳೇದಾಗಿದ್ದು ಬೆಟ್ಟಕ್ಕೆ ಯಾಕೆ ಆಗಲ್ಲ? ಸುಮ್ನೆ ವಾದಕ್ಕೆ ಕೇಳ್ತಾ ಇಲ್ಲ, ನಮ್ಮೂರ ಗುಡ್ಡದ ಮೇಲೂ ಗಿಡ ಹಾಕ್ಬೇಕು ಅಂತಿದೀವಿ.

ಚಿಂತಾಮಣಿ ಮಣ್ಣು

ಒಳ್ಳೆಯ ಪ್ರಶ್ನೆ ಅಣ್ಣ. ನಿಮ್ಮ ತೋಟದ ಹುಳಿಯಲ್ಲಿ ದೊಡ್ಡ ಪಾಲು ಗೊಬ್ಬರದಿಂದ ಬಂದಿರುತ್ತದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಬಿಡುತ್ತವೆ. ಕಟಾವಿನ ಜೊತೆ ಕ್ಯಾಲ್ಸಿಯಂ ಹೊಲದಿಂದ ಆಚೆ ಹೋಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೆಂಪುಮಣ್ಣಿನಲ್ಲಿ ರಾಗಿ, ಮುಸುಕಿನ ಜೋಳ ಇಟ್ಟುಕೊಂಡು 1986ರಿಂದ ನಡೆದ ದೀರ್ಘಕಾಲದ ಗೊಬ್ಬರ ಪ್ರಯೋಗದಲ್ಲಿ, ಬರೀ ಸಾರಜನಕ ಕೊಟ್ಟ ತಾಕುಗಳು ಹುಳಿಯಾಗಿ ಇಳುವರಿ ಬಿದ್ದುಹೋಯಿತು. ಕೊಟ್ಟಿಗೆ ಗೊಬ್ಬರ, ಸುಣ್ಣ ಸಿಕ್ಕ ತಾಕುಗಳು ಉಳಿದುಕೊಂಡವು. ಅಂದರೆ ನಾವೇ ತಂದ ಹುಳಿಯನ್ನು ನಾವೇ ಇಳಿಸುತ್ತೇವೆ. ಅಲ್ಲಿ ಬೇಕಾದ್ದು ಒಂದು ಬೆಳೆಯ ಇಳುವರಿ. ಬೆಟ್ಟದ ಹುಳಿ ಸಾವಿರಾರು ವರ್ಷದ ಮಳೆ, ಕಲ್ಲು, ಎಲೆಕಸ ಸೇರಿ ಆದದ್ದು. ಅಲ್ಲಿನ ಗಿಡಗಳು ಅದನ್ನು ನೋಡಿಕೊಂಡೇ ಬೆಳೆದು ಬಂದಿವೆ.

ಚನ್ನಗಿರಿ ಸಸ್ಯಪ್ರೇಮಿ

ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ಚಿಕ್ಕಬಳ್ಳಾಪುರದವನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಮೇಡಂ ಕೇಳಿದ ಮೂಲ ಪ್ರಶ್ನೆಗೆ, ಅಂದರೆ ಹುಳಿ ಹೆಚ್ಚಿದರೆ ಜಾತಿ ಕಡಿಮೆಯೇ ಅನ್ನುವುದಕ್ಕೆ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ಓದಿದ ಮಾತು ಸುಳ್ಳಲ್ಲ. ಅದು ಯುರೋಪಿನ ಮಾತು. ಅಲ್ಲಿ ಸುಣ್ಣಕಲ್ಲಿನ ನೆಲದ ಹುಲ್ಲುಗಾವಲುಗಳಲ್ಲಿ ಅಂಗೈಯಗಲ ಜಾಗದಲ್ಲೂ ಹಲವು ಜಾತಿ ಸಿಗುತ್ತವೆ, ಹುಳಿ ನೆಲದಲ್ಲಿ ಕೆಲವೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಪಾರ್ಕ್ ಗ್ರಾಸ್ ಎಂಬ ಹುಲ್ಲುಗಾವಲಿನ ಪ್ರಯೋಗ 1856ರಿಂದ ಇವತ್ತಿನವರೆಗೂ ನಡೆದಿದೆ. ಅಮೋನಿಯಂ ಸಲ್ಫೇಟ್ ಸುರಿಯುತ್ತಾ ಬಂದ ತಾಕುಗಳು ರಸಸಾರ 4ರ ಕೆಳಕ್ಕೆ ಇಳಿದು ಎರಡು ಮೂರು ಜಾತಿಯ ಹುಲ್ಲಿಗೆ ಬಂದು ನಿಂತಿವೆ. ಏನೂ ಹಾಕದ ಪಕ್ಕದ ತಾಕಿನಲ್ಲಿ ಹತ್ತಾರು ಜಾತಿಗಳಿವೆ. 1903ರಲ್ಲಿ ತಾಕುಗಳ ಅರ್ಧ ಭಾಗಕ್ಕೆ ಸುಣ್ಣ ಹಾಕಲು ಶುರು ಮಾಡಿದರು, ಅಲ್ಲಿ ಪರಿಸ್ಥಿತಿ ಎಷ್ಟೋ ಮೇಲು. ಇಂಥವನ್ನು ನೋಡಿಯೇ ಪಠ್ಯಗಳಲ್ಲಿ ಆ ಸಾಲು ಬಂತು.

ಈಗ ದಕ್ಷಿಣ ಆಫ್ರಿಕಾದ ತುದಿಗೆ ಬನ್ನಿ. ಕೇಪ್ ಸೀಮೆಯ ಮರಳುಗಲ್ಲಿನ ಬೆಟ್ಟಗಳಲ್ಲಿ ಮಣ್ಣು ಹುಳಿ, ಸತ್ವವೂ ಕಡಿಮೆ. ಆ ಸೀಮೆಯಲ್ಲಿ ಸುಮಾರು 9,000 ಸಸ್ಯಜಾತಿ. ನೈಋತ್ಯ ಆಸ್ಟ್ರೇಲಿಯಾದ ಬಡ ಮಣ್ಣುಗಳೂ ಹೀಗೇ. ಅಷ್ಟು ದೂರ ಏಕೆ, ನಮ್ಮ ಆಗುಂಬೆಯನ್ನೇ ನೋಡಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ತೊಳೆದು ತೊಳೆದು ಹುಳಿಯಾದ ಮಣ್ಣು, ಅದರ ಮೇಲೆ ನಿತ್ಯಹರಿದ್ವರ್ಣ ಕಾಡು.

ಹಾಗಾದರೆ ಯಾವುದು ನಿಜ? 2002ರಲ್ಲಿ ಎಸ್ಟೋನಿಯಾದ ಮೀಲಿಸ್ ಪಾರ್ಟೆಲ್ ಲೋಕದ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಉತ್ತರದ ತಂಪು ನಾಡುಗಳಲ್ಲಿ ರಸಸಾರ ಏರಿದಂತೆ ಜಾತಿಗಳು ಏರುವುದು ಹೆಚ್ಚು. ಉಷ್ಣವಲಯಕ್ಕೆ ಬಂದರೆ ತಿರುಗುಮುರುಗಾಗುವುದೂ ಉಂಟು. ಅವರ ವಿವರಣೆ ನನಗೆ ಒಪ್ಪಿಗೆಯಾದದ್ದು: ಒಂದು ಸೀಮೆಯ ಗಿಡಗಳು ಲಕ್ಷಾಂತರ ವರ್ಷ ಯಾವ ಬಗೆಯ ಮಣ್ಣಿನಲ್ಲಿ ಹುಟ್ಟಿ ಕವಲೊಡೆದವೋ, ಆ ಬಗೆಯ ಮಣ್ಣಿನಲ್ಲಿ ಬಾಳಬಲ್ಲ ಜಾತಿಗಳು ಅಲ್ಲಿ ಹೆಚ್ಚು ಉಳಿದಿರುತ್ತವೆ. ಯುರೋಪಿನಲ್ಲಿ ಹಿಮಯುಗ ದಾಟಿ ಬದುಕಿದ ಗಿಡಗಳಲ್ಲಿ ಸುಣ್ಣದ ನೆಲಕ್ಕೆ ಒಗ್ಗಿದವೇ ಹೆಚ್ಚು. ಉಷ್ಣವಲಯದ ಮಳೆಕಾಡುಗಳು ಹುಳಿ ನೆಲದಲ್ಲೇ ಬೆಳೆದು ಬಂದವು.

ನನಗೆ ಬಹಳ ಇಷ್ಟವಾದ ಇನ್ನೊಂದು ಸಂಗತಿ ಇದೆ. 2006ರಲ್ಲಿ ನೋವಾ ಫೀರರ್, ರಾಬರ್ಟ್ ಜಾಕ್ಸನ್ ಎಂಬಿಬ್ಬರು ಉತ್ತರ, ದಕ್ಷಿಣ ಅಮೆರಿಕಗಳ ಉದ್ದಕ್ಕೂ ಮಣ್ಣು ತೆಗೆದು ಬ್ಯಾಕ್ಟೀರಿಯಾಗಳನ್ನು ನೋಡಿದರು. ಸಪ್ಪೆ ಮಣ್ಣಿನಲ್ಲಿ ಅವುಗಳ ವೈವಿಧ್ಯ ಹೆಚ್ಚು, ಹುಳಿ ಮಣ್ಣಿನಲ್ಲಿ ಕಡಿಮೆ. ಎಲ್ಲಕ್ಕಿಂತ ಹುಳಿಯಾಗಿ, ಎಲ್ಲಕ್ಕಿಂತ ಕಡಿಮೆ ವೈವಿಧ್ಯ ತೋರಿದ್ದು ಪೆರು ದೇಶದ ಅಮೆಜಾನ್ ಕಾಡಿನ ಮಣ್ಣು! ಮೇಲೆ ಲೋಕದಲ್ಲೇ ಹೆಸರಾದ ಮರಗಳ ವೈವಿಧ್ಯ, ಕೆಳಗೆ ಬ್ಯಾಕ್ಟೀರಿಯಾಗಳ ಬಡತನ. ಒಂದೇ ಜಾಗದಲ್ಲಿ ಹುಳಿ ಒಬ್ಬರಿಗೆ ಒಂದು ರೀತಿ, ಇನ್ನೊಬ್ಬರಿಗೆ ಇನ್ನೊಂದು ರೀತಿ. ವೈವಿಧ್ಯ ಎಂದಾಗ ಯಾರ ವೈವಿಧ್ಯ ಎಂದು ಕೇಳಲೇಬೇಕು.

ದುರ್ಗದ ವಿಷಯಕ್ಕೆ ಬಂದರೆ, ಮೇಲಿನ ಹಳ್ಳದಲ್ಲಿ ಜಾತಿ ಹೆಚ್ಚಿರುವುದಕ್ಕೆ ಹುಳಿಯೇ ಕಾರಣ ಎಂದೂ ನಾನು ಹೇಳುವುದಿಲ್ಲ. ಅಲ್ಲಿ ನೀರಿದೆ, ನೆರಳಿದೆ, ಮಣ್ಣು ಆಳವಾಗಿದೆ, ದನ, ಮೇಕೆ, ಕೊಡಲಿ ತಲುಪುವುದು ಕಷ್ಟ. ಬುಡದ ಕುರುಚಲು ಊರಿಗೆ ಹತ್ತಿರ. ಹುಳಿ ಈ ಎಲ್ಲದರ ಜೊತೆಜೊತೆಗೇ ಏರಿದೆ.

ನಂದಿ ತಪ್ಪಲು

ಸರ್, ನಿಮ್ಮ ಕೊನೆಯ ಮಾತಿಗೆ ನನ್ನ ಆಕ್ಷೇಪ ಇದೆ. ಹುಳಿಯನ್ನು ಹೀಗೆ ಪಕ್ಕಕ್ಕೆ ಸರಿಸಿದರೆ ನೀಲಗಿರಿ ತೋಪುಗಳಿಗೆ ಏನು ಹೇಳ್ತೀರಿ? 1790ರ ಸುಮಾರಿಗೆ ಟಿಪ್ಪು ಸುಲ್ತಾನ ನಂದಿಯ ತೋಟದಲ್ಲಿ ನೆಡಿಸಿದ್ದು ಈ ದೇಶದ ಮೊದಲ ನೀಲಗಿರಿ ಎನ್ನುತ್ತಾರೆ. ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಗೋಮಾಳ, ಹೊಲ ಎಲ್ಲಾ ಅದೇ ಆಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಆ ತೋಪಿನ ಕೆಳಗೆ ನಡೆದು ನೋಡಿ, ಒಣಗಿದ ಎಲೆ ಬಿಟ್ಟರೆ ನೆಲದಲ್ಲಿ ಬೇರೆ ಗಿಡವೇ ಅಪರೂಪ. ಎಲೆ ಬಿದ್ದು ಮಣ್ಣು ಹುಳಿಯಾಗಿದ್ದಕ್ಕೇ ಅಲ್ಲವೇ?

ಚನ್ನಗಿರಿ ಸಸ್ಯಪ್ರೇಮಿ

ಆಕ್ಷೇಪ ನ್ಯಾಯವಾದದ್ದೇ. ನೀಲಗಿರಿ ಬೇಗ ಬೆಳೆಯುತ್ತಾ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮರ ಕಡಿದು ಲಾರಿಗೆ ತುಂಬಿದಾಗ ಅದೂ ಹೋಗುತ್ತದೆ. ಕಟಾವು ಮೇಲೆ ಕಟಾವು ಆದರೆ ಮಣ್ಣು ಹುಳಿಯ ಕಡೆ ವಾಲುತ್ತದೆ. ಇಷ್ಟನ್ನು ಒಪ್ಪುತ್ತೇನೆ. ಆದರೆ ಕೆಳಗೆ ಗಿಡ ಏಳದಿರುವುದಕ್ಕೆ ಮೊದಲ ಕಾರಣ ನೀರು. ಎಳೆ ಸಸಿಯ ಬೇರಿಗೆ ಸಿಗಬೇಕಾದ ತೇವವನ್ನು ಆ ಮರ ಮೊದಲೇ ಹೀರಿಬಿಡುತ್ತದೆ. ಎಲೆಯೊಳಗಿನ ಎಣ್ಣೆ, ಒಗರು ಬೀಜ ಮೊಳೆಯಲು ಬಿಡುವುದಿಲ್ಲ. ದಪ್ಪನೆಯ ತರಗು ಬೀಜವನ್ನು ಮಣ್ಣಿಗೆ ತಾಕಗೊಡುವುದಿಲ್ಲ. ಆ ತೋಪಿಗೆ ಸುಣ್ಣ ಎರಚಿದರೆ ಏನೂ ಏಳದು. ಮರ ತೆಗೆದು, ಕೂಳೆ ಚಿಗುರದಂತೆ ನೋಡಿಕೊಂಡರೆ ಏಳುತ್ತದೆ.

ನಂದಿ ತಪ್ಪಲು

ಕೂಳೆ ತೆಗೆದ ಜಾಗದಲ್ಲಿ ನಮ್ಮ ಕಡೆ ಹೊಂಗೆ, ಬೇವು, ಸೀತಾಫಲ ತಾವಾಗಿಯೇ ಬಂದಿರುವುದು ನಿಜ. ಸುಣ್ಣ ಯಾರೂ ಹಾಕಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಡಿಗೆ ಸುಣ್ಣ ಹಾಕಿ ಒಳ್ಳೆಯದಾದ ಉದಾಹರಣೆ ಲೋಕದಲ್ಲಿ ಎಲ್ಲೂ ಇಲ್ಲವೇ?

ಚಿಂತಾಮಣಿ ಮಣ್ಣು

ಇದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಬೆಟ್ಟಗಳಲ್ಲಿ ಹಬರ್ಡ್ ಬ್ರೂಕ್ ಎಂಬ ಸಂಶೋಧನಾ ಕಾಡು. ಕಾರ್ಖಾನೆಗಳ ಹೊಗೆಯಿಂದ ದಶಕಗಟ್ಟಲೆ ಆಮ್ಲಮಳೆ ಸುರಿದು ಆ ಮಣ್ಣಿನ ಕ್ಯಾಲ್ಸಿಯಂ ಖಾಲಿಯಾಗಿತ್ತು, ಶುಗರ್ ಮೇಪಲ್ ಮರಗಳು ಸೊರಗಿದ್ದವು. 1999ರಲ್ಲಿ ಒಂದು ಇಡೀ ಜಲಾನಯನಕ್ಕೆ ಹೆಲಿಕಾಪ್ಟರಿನಿಂದ ವೊಲಾಸ್ಟೊನೈಟ್ ಎಂಬ ಕ್ಯಾಲ್ಸಿಯಂ ಸಿಲಿಕೇಟ್ ಖನಿಜ ಉದುರಿಸಿದರು. ಮೇಪಲ್‌ಗಳು ಚೇತರಿಸಿಕೊಂಡವು. ಅಲ್ಲಿ ಮನುಷ್ಯ ಕಳೆದದ್ದನ್ನು ಮನುಷ್ಯ ವಾಪಸ್ಸು ಕೊಟ್ಟ. ಎಷ್ಟು ಹೋಗಿದೆ ಎಂದು ಹರಿಯುವ ನೀರಿನಲ್ಲಿ ವರ್ಷಾನುಗಟ್ಟಲೆ ಅಳೆದಿಟ್ಟಿದ್ದರು. ಗುಂಡಿಗೊಂದು ಬೊಗಸೆ ಸುಣ್ಣ ಅದಕ್ಕೆ ಸಮವಲ್ಲ.

ನಮ್ಮ ಬೆಟ್ಟದಲ್ಲಿ ಸುಣ್ಣ ಬಿದ್ದರೆ ಆಗಬಹುದಾದದ್ದು ಬೇರೆ. ಎಲೆಕಸ ಥಟ್ಟನೆ ಕೊಳೆತು ಸಾರಜನಕ ಬಿಡುಗಡೆಯಾಗುತ್ತದೆ. ಅದನ್ನು ಮೊದಲು ಉಣ್ಣುವುದು ಬೇಗ ಬೆಳೆಯುವ ಕಳೆಗಳು.

ಬುಕ್ಕಾಪಟ್ಟಣದವನು

ಪಾರ್ಥೇನಿಯಂ ಕಾಯ್ಕಂಡು ಕೂತಿರ್ತದೆ. ರಸ್ತೆ ಕೆಲಸಕ್ಕೆ ಮಣ್ಣು ಸುರಿದ ಕಡೆ ಎಲ್ಲಾ ಅದೇ ಬಂತು.

ಇನ್ನೊಂದು ಮಾತು. ಬೇಸಗೇಲಿ ಬೆಟ್ಟಕ್ಕೆ ಬೆಂಕಿ ಬೀಳ್ತದಲ್ಲ, ಬೂದಿ ಬಿದ್ದ ಜಾಗದ ಮಣ್ಣು ಹುಳಿ ಇರ್ತದೋ ಇಲ್ವೋ?

ಚಿಂತಾಮಣಿ ಮಣ್ಣು

ಅಣ್ಣ, ಬಹಳ ಮುಖ್ಯವಾದದ್ದು ಕೇಳಿದಿರಿ. ಬೂದಿಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಷಿಯಂ ಕಾರ್ಬೊನೇಟುಗಳಿವೆ. ಬೆಂಕಿ ಬಿದ್ದ ಮೇಲೆ ಮೇಲ್ಮಣ್ಣಿನ ರಸಸಾರ ಏರುತ್ತದೆ, ಅಂದರೆ ಬೆಂಕಿ ತಾನೇ ಸುಣ್ಣ ಹಾಕಿದ ಹಾಗೆ. ವರ್ಷವರ್ಷ ಸುಡುವ ಇಳಿಜಾರಿನಲ್ಲಿ ಜಾತಿ ಹೆಚ್ಚಿದೆಯೇ? ಎಳೆ ಸಸಿಗಳು ಸತ್ತು, ಬಾದೆ ಹುಲ್ಲು, ಬಂದರೆ ಉಳಿಯುತ್ತವೆ. ರಸಸಾರ ಏರಿದರೆ ವೈವಿಧ್ಯ ಏರುತ್ತದೆ ಅನ್ನುವವರಿಗೆ ನಮ್ಮ ಬೆಟ್ಟಗಳೇ ಉತ್ತರ. ಮೇಡಂ, ಸುಟ್ಟ ಜಾಗದ ಮಾದರಿಗಳನ್ನು ಬೇರೆ ಗುರುತು ಹಾಕಿಡಿ, ಇಲ್ಲದಿದ್ದರೆ ಎಲ್ಲಾ ಕಲಸಿಹೋಗುತ್ತದೆ.

ಚನ್ನಗಿರಿ ಸಸ್ಯಪ್ರೇಮಿ

ಹುತ್ತಗಳನ್ನೂ ಬಿಡಬೇಡಿ. ಗೆದ್ದಲು ಆಳದ ಜೇಡಿ ಮಣ್ಣನ್ನು ಮೇಲೆ ತರುತ್ತದೆ. ಅನೇಕ ಕಡೆ ಹುತ್ತದ ಮಣ್ಣಿನಲ್ಲಿ ಸುತ್ತಲಿನದಕ್ಕಿಂತ ಕ್ಯಾಲ್ಸಿಯಂ ಹೆಚ್ಚು, ಹುಳಿ ಕಡಿಮೆ. ಒಂದು ಹೆಜ್ಜೆಯಲ್ಲೇ ಮಣ್ಣು ಬದಲಾಗುವುದರಿಂದ ಹುತ್ತದ ಮೇಲಿನ ಗಿಡಕ್ಕೂ ಪಕ್ಕದ್ದಕ್ಕೂ ವ್ಯತ್ಯಾಸ ಕಾಣುತ್ತದೆ.

ಹಾಗೆಯೇ ಜಾಲಾರಿ. ಅರಗಿನ ಹುಳು ಸಾಕಲು ಹಿಂದೆ ಮೈಸೂರು ಸೀಮೆಯಲ್ಲಿ ಹೆಸರಾದ ಮರ. ಇದು ಮಳೆಕಾಡಿನ ಧೂಪದ ಕುಟುಂಬದ್ದು, ಒಣಸೀಮೆಗೆ ಬಂದು ನೆಲೆಸಿದೆ. ಇದರ ಬೇರಿನ ತುದಿಗೆ ಶಿಲೀಂಧ್ರದ ಹೊದಿಕೆ ಇರುತ್ತದೆ. ನೀರು, ರಂಜಕ ಮರಕ್ಕೆ ಮುಟ್ಟುವುದು ಆ ಶಿಲೀಂಧ್ರದ ಎಳೆಗಳಿಂದ. ಬ್ಯಾಕ್ಟೀರಿಯಾಗಳಿಗಿಂತ ಶಿಲೀಂಧ್ರಗಳು ಹುಳಿಯನ್ನು ಚೆನ್ನಾಗಿ ತಾಳುತ್ತವೆ. ಮರಕ್ಕೆ ಒಳ್ಳೆಯದಾಗಲಿ ಎಂದು ಸುಣ್ಣ ಹಾಕಿ ಈ ಜೊತೆಯನ್ನು ಕೆಡಿಸುವುದು ನನಗೆ ಸಹಿಸಲಾಗದ ಮಾತು.

ಕರಿಕಲ್ಲು ಕೋಲಾರ

ಕಲ್ಲಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಭೂವಿಜ್ಞಾನ ಓದಿದವನು ನಾನು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಗಳಲ್ಲಿ ಹೆಚ್ಚಿನವು ಗ್ರಾನೈಟ್, ನೈಸ್ ಕಲ್ಲಿನವು. ಅದು ಸವೆದರೆ ಮರಳು ಮಿಶ್ರಿತ ಕೆಂಪು ಮಣ್ಣು, ಕ್ಯಾಲ್ಸಿಯಂ ಕಡಿಮೆ. ಮಧ್ಯೆ ಮಧ್ಯೆ ಶಿಸ್ಟ್ ಎಂಬ ಪದರಗಲ್ಲಿನ ಪಟ್ಟಿಗಳಿವೆ. ಕೋಲಾರದ ಚಿನ್ನ ಸಿಕ್ಕಿದ್ದು ಅಂಥ ಪಟ್ಟಿಯಲ್ಲಿ. ಚಿಕ್ಕನಾಯಕನಹಳ್ಳಿ ಕಡೆಯ ಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಜೊತೆ ಸುಣ್ಣಕಲ್ಲೂ ಇದೆ. ಆ ಕಲ್ಲುಗಳ ಮಣ್ಣು ಜಿಗುಟು, ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚು. ಬೆಟ್ಟದಿಂದ ಬೆಟ್ಟಕ್ಕೆ ಮಣ್ಣಿನ ಹುಳಿ ಬೇರೆಯಾಗುವುದರಲ್ಲಿ ಕಲ್ಲಿನ ಪಾಲು ದೊಡ್ಡದು.

ಮೇಡಂ, ನಿಮ್ಮ ಮಕ್ಕಳಿಗೆ ಒಂದು ದಾರಿ ಹೇಳುತ್ತೇನೆ. ಬುಡಕ್ಕೂ ನೆತ್ತಿಗೂ ಹೋಲಿಸಿದರೆ ಎತ್ತರ, ನೀರು, ನೆರಳು, ದನ, ಬೆಂಕಿ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ, ಹುಳಿಯ ಪಾಲು ಎಷ್ಟೆಂದು ಬೇರ್ಪಡಿಸಲು ಆಗುವುದಿಲ್ಲ. ಅದರ ಬದಲು ಡೈಕ್ ಹುಡುಕಿ. ನಮ್ಮ ಗ್ರಾನೈಟ್, ನೈಸ್ ನೆಲವನ್ನು ಸೀಳಿಕೊಂಡು ಡಾಲರೈಟಿನ ಗೋಡೆಗಳು ಹಾದುಹೋಗಿವೆ. ಕರಿಕಲ್ಲಿನ ಗುಂಡುಗಳು ಒಂದೇ ಸಾಲಾಗಿ ಬಿದ್ದಿರುವುದನ್ನು ನೋಡಿರುತ್ತೀರಿ. ಆ ಸಾಲಿನ ಮಣ್ಣು ಹೆಚ್ಚು ಕೆಂಪು, ಹೆಚ್ಚು ಜಿಗುಟು, ಸಾಮಾನ್ಯವಾಗಿ ಹುಳಿ ಕಡಿಮೆ. ಅದೇ ಎತ್ತರ, ಅದೇ ಇಳಿಜಾರು, ಅದೇ ಮಳೆ. ಸಾಲಿನ ಮೇಲೊಂದು ಚೌಕ, ಪಕ್ಕದ ಗ್ರಾನೈಟ್ ಮಣ್ಣಿನ ಮೇಲೊಂದು ಚೌಕ, ಹೀಗೆ ಜೋಡಿ ಜೋಡಿಯಾಗಿ ಹಾಕಿಕೊಂಡು ಹೋಗಿ.

ಚಿಂತಾಮಣಿ ಮಣ್ಣು

ಅದ್ಭುತವಾದ ಸಲಹೆ ಸರ್. ಒಂದು ಎಚ್ಚರಿಕೆ ಸೇರಿಸುತ್ತೇನೆ: ಡೈಕಿನ ಜೇಡಿಮಣ್ಣು ನೀರನ್ನೂ ಹೆಚ್ಚು ಹಿಡಿಯುತ್ತದೆ, ಅಲ್ಲಿಯೂ ಹುಳಿ ಒಂಟಿಯಾಗಿ ಸಿಗುವುದಿಲ್ಲ. ತೇವವನ್ನೂ ಅಳೆಯಬೇಕು. ಒದ್ದೆ ಮಣ್ಣು ತೂಗಿ, ಒವನ್ನಿನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿದರೆ ಆಯಿತು. ರಸಸಾರಕ್ಕೆ ಬೇರೆ ಪಾಲು ಇಟ್ಟುಕೊಂಡು ನೆರಳಿನಲ್ಲಿ ಒಣಗಿಸಿ. ಪ್ರತಿ ಚೌಕದಲ್ಲಿ ತರಗು ಸರಿಸಿ, 15 ಸೆಂಟಿಮೀಟರ್ ಆಳದವರೆಗೆ ಐದಾರು ಕಡೆಯಿಂದ ತೆಗೆದು ಬೆರೆಸಿ. ಮೀಟರನ್ನು ಪ್ರತಿ ಸಲವೂ ರಸಸಾರ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಸರಿಮಾಡಿಕೊಳ್ಳಿ.

ಸಸಿ ತಂಡ ತುಮಕೂರು

ಸುಣ್ಣದ ಯೋಚನೆ ಮಾಡಿದ ತಂಡದಲ್ಲಿ ನಾನೂ ಇದ್ದೇನೆ. ಮೇಡಂ ಈ ಚರ್ಚೆ ಕಳಿಸಿದ್ದರಿಂದ ಎಲ್ಲವನ್ನೂ ಓದಿದೆ. ತಂಡದ ಕೆಲವರು ಇನ್ನೂ ಒಪ್ಪಿಲ್ಲ, ಮಾತಾಡುತ್ತಿದ್ದೇವೆ. ನಮ್ಮ ಪ್ರಶ್ನೆ: ಸುಣ್ಣ ಬೇಡ, ಸರಿ. ಹಾಗಾದರೆ ಇಳಿಜಾರಿಗೆ ನಾವು ಮಾಡಬಹುದಾದ್ದು ಏನು? ಸುಮ್ಮನೆ ಕೂರಲು ಮನಸ್ಸಿಲ್ಲ.

ಚನ್ನಗಿರಿ ಸಸ್ಯಪ್ರೇಮಿ

ನೀವು ಬಂದು ಕೇಳಿದ್ದು ಸಂತೋಷ. ಇಲಾಖೆಯವರ ಜೊತೆ ಮಾತಾಡಿ ಎರಡು ಕೆಲಸ ಹಿಡಿಯಿರಿ. ಬೇಸಗೆಗೆ ಮುಂಚೆ ಬೆಂಕಿ ರೇಖೆ ತೆಗೆಯಲು ಕೈಜೋಡಿಸಿ. ಲಂಟಾನವನ್ನು ಬೇರು ಸಮೇತ ಕೀಳಿಸಿ, ಕಿತ್ತ ಜಾಗವನ್ನು ಎರಡು ಮೂರು ಮಳೆಗಾಲ ನೋಡಿಕೊಳ್ಳಿ. ದಿಂಡಿಗ, ಜಾಲಾರಿಗಳ ಬೊಡ್ಡೆ ನೆಲದಲ್ಲಿ ಜೀವಂತವಾಗಿದ್ದರೆ ಬೆಂಕಿ ತಪ್ಪಿದ ವರ್ಷ ತಾವೇ ಚಿಗುರುತ್ತವೆ. ಗುಂಡಿ ತೆಗೆಯಲೇಬೇಕೆಂದರೆ ಬಂಡೆಯ ಮೇಲಿನ ತೆಳು ಮಣ್ಣಿನ ಹುಲ್ಲುಜಾಗವನ್ನು ಬಿಟ್ಟುಬಿಡಿ. ಬೋಳು ನೆಲದಂತೆ ಕಾಣುವ ಅಲ್ಲಿ ಮಳೆಗಾಲಕ್ಕೆ ಮಾತ್ರ ಏಳುವ ಪುಟ್ಟ ಗಿಡಗಳ ಲೋಕವೇ ಇದೆ. ಗುಂಡಿಗೆ ಅದೇ ಕಾಡಿನ ಮಣ್ಣನ್ನೇ ತುಂಬಿ.

ಜಯಮಂಗಲಿ ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಸುಟ್ಟ ಜಾಗದ ಮಾದರಿಗಳನ್ನು ಇವತ್ತೇ ಬೇರೆ ಪಟ್ಟಿಗೆ ಹಾಕಿಸಿದೆ. ಡೈಕ್ ಹುಡುಕುವ ಕೆಲಸಕ್ಕೆ ಮಕ್ಕಳು ಈಗಲೇ ತಯಾರು, ಅವರಲ್ಲಿ ಒಬ್ಬಳ ಊರ ಹಿಂದೆಯೇ ಕರಿಕಲ್ಲಿನ ಸಾಲು ಇದೆಯಂತೆ. ಇಲಾಖೆಗೆ ಹೊಸ ಅರ್ಜಿ ಬರೆಯುತ್ತೇನೆ. ಒಂದೇ ತೊಡಕು. ಮರ, ಪೊದೆ ಗುರುತಿಸಲು ಊರಿನ ಹಿರಿಯರಿದ್ದಾರೆ. ಹುಲ್ಲುಗಳು ನಮಗೆ ಯಾರಿಗೂ ಗೊತ್ತಾಗುವುದಿಲ್ಲ, ಅವನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಚನ್ನಗಿರಿ ಸಸ್ಯಪ್ರೇಮಿ

ಚೌಕಗಳನ್ನು ಮುಂಗಾರಿನಲ್ಲೇ ಗುರುತು ಮಾಡಿ, ಸಸಿ, ಬಳ್ಳಿಗಳನ್ನು ಆಗ ಬರೆದುಕೊಳ್ಳಿ. ಹುಲ್ಲಿಗೆ ಅಕ್ಟೋಬರ್ ತನಕ ಕಾಯಿರಿ, ತೆನೆ ಇಲ್ಲದೆ ಹುಲ್ಲು ಗುರುತಿಸುವುದು ಕಷ್ಟ. ಒಂದೊಂದು ಬಗೆಯದನ್ನೂ ಬೇರು, ತೆನೆ ಸಮೇತ ಹಳೇ ಪೇಪರಿನ ನಡುವೆ ಒತ್ತಿಟ್ಟು, ಚೌಕದ ನಂಬರ್ ಬರೆದಿಡಿ. ನಮ್ಮ ಕಾಲೇಜಿನಲ್ಲಿ ಹುಲ್ಲು ಬಲ್ಲವರಿದ್ದಾರೆ. ಅವರನ್ನೂ ಕರೆದುಕೊಂಡು ಒಂದು ಭಾನುವಾರ ನಿಮ್ಮ ಶಾಲೆಗೇ ಬರುತ್ತೇವೆ.